ಸೈಕಲ್ ದಾರಿಯ ಸುಣ್ಣದ ಕಲ್ಲು

ಕೊಳ್ಳೇಗಾಲ
7-2-1968

ಪ್ರೀತಿಯ ತಮ್ಮ ಷಡಕ್ಷರಿಗೆ ಅಕ್ಕ ತಲೆ ಸವರಿ ಹರಸುವುದು.

ಕಣ್ಣಿನ ಪಟ್ಟಿ ಬಿಚ್ಚಿದರಂತೆ, ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ಮೈಸೂರಿನ ಆಸ್ಪತ್ರೆಯ ಸಪ್ಪೆ ಊಟ ಗಂಟಲಲ್ಲಿ ಇಳಿಯುತ್ತದೆಯೇನಪ್ಪ? ಚಿಕ್ಕಂದಿನಲ್ಲಿ ಮಾವಿನಕಾಯಿ ಚಟ್ನಿ ಇಲ್ಲದೆ ತಟ್ಟೆಯನ್ನೇ ಮುಟ್ಟದವನು ನೀನು. ಇಲ್ಲಿ ಮನೆಯವರೆಲ್ಲ ಕ್ಷೇಮ. ಊರಿನ ಸುದ್ದಿ ಬರೆಯಲು ಮಾತ್ರ ಹೇಸಿಗೆಯಾಗುತ್ತದೆ.

ನೀನು ಪುರಸಭೆಗೆ ಗೆದ್ದ ವರ್ಷ, ಬಸ್ ಸ್ಟ್ಯಾಂಡಿನಿಂದ ರೇಷ್ಮೆಗೂಡಿನ ಮಾರ್ಕೆಟ್ಟಿನವರೆಗೆ ಸುಣ್ಣ ಬಳಿದ ಕಲ್ಲು ನೆಡಿಸಿ, ಸೈಕಲ್ಲಿನವರಿಗೆಂದು ರಸ್ತೆಯ ಅಂಚು ಬಿಡಿಸಿದೆಯಲ್ಲ, ಅದನ್ನೀಗ ತೆಗೆಯಬೇಕಂತೆ. ಲಾರಿ ನಿಲ್ಲಲು ಜಾಗ ಸಾಲದಂತೆ. ಮುಂದಿನ ಗುರುವಾರ ಪುರಸಭೆಯ ಮೀಟಿಂಗು. ಕೂಗೆಬ್ಬಿಸಿದವನು ಬಟ್ಟೆ ಅಂಗಡಿ ಸದಾಶಿವಪ್ಪ. ಮೊನ್ನೆಮೊನ್ನೆಯವರೆಗೆ ಸೀರೆ ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹನೂರಿನ ಬೀದಿಬೀದಿ ತುಳಿದವನು! ಈಗ ಸ್ಕೂಟರ್ ಬಂದಿದೆ. "ಸೈಕಲ್ಲೋರು ಬೀಡಾಡಿ ದನ ಇದ್ದಂಗೆ ಕಣಕ್ಕಾ, ಅಡ್ಡಡ್ಡ ಬತ್ತವೆ" ಎಂದ. "ನಿನ್ನ ಅಂಗಾಲಿನ ಜಡ್ಡು ಇನ್ನೂ ಓಗಿಲ್ಲ ಕಣ್ಲಾ" ಎಂದೆ. ನಾಚಿಕೆಯಿಲ್ಲದೆ ಹಲ್ಲು ಕಿರಿದ.

ತೀರ್ಮಾನವಾಗುವ ಮೊದಲೇ ಅಂಗಡಿಯವರು ಕಲ್ಲು ಕೀಳತೊಡಗಿದ್ದಾರೆ. ಒಬ್ಬನ ಮೆಟ್ಟಿಲಿಗೊಂದು, ಇನ್ನೊಬ್ಬನ ನೀರಿನ ಹಂಡೆ ಕೆಳಗೊಂದು. ಎಂಜಲೆಲೆಗೆ ಬೀಳುವ ನಾಯಿಗಾದರೂ ಹಸಿವಿರುತ್ತದೆ! ಕಲ್ಲು ಹೋದ ಕಡೆ ಲಾರಿ ಒತ್ತಿಕೊಂಡು ಬಂದು, ಸೈಕಲ್ಲಿಗೆ ರೇಷ್ಮೆಗೂಡು ಹೇರಿಕೊಂಡು ಬರುತ್ತಿದ್ದ ನಮ್ಮ ಮಾದಣ್ಣ ಕುಕ್ಕೆ ಸಮೇತ ಮೋರಿಗೆ ಬಿದ್ದ. ಕೈ ಮುರಿದಿದೆ. ಜಜ್ಜಿದ ಹುಳುವಿನ ರಸ ಮೋರಿಯಲ್ಲಿ ಹರಿಯುತ್ತಿದ್ದರೆ ಅಂಗಡಿಯವರು ಮೂಗು ಮುಚ್ಚಿಕೊಂಡರೇ ಹೊರತು ಯಾರೂ ಕೆಳಗಿಳಿಯಲಿಲ್ಲ. ಮುಂದಿನ ಬೆಳೆಯ ಗೂಡನ್ನು ಅವನ ಹೆಂಡತಿ ಚಿಕ್ಕನಿಂಗಮ್ಮ ತಾನೇ ಸೈಕಲ್ ತುಳಿದು ತರುತ್ತಾಳಂತೆ. "ಇವರ ಕೈ ಕೂಡೋಗಂಟ ಗೂಡಿನೊಳಗಿನ ಹುಳ ಕಾಯ್ತದಾ ಅಕ್ಕೋರೆ? ಚಿಟ್ಟೆಯಾಗಿ ತೂತು ಮಾಡ್ಕಂಡು ಓಯ್ತದೆ" ಎಂದಳು. ಅದೇ ರಸ್ತೆಯಲ್ಲಿ, ಅದೇ ಲಾರಿಗಳ ಪಕ್ಕದಲ್ಲಿ ಅವಳು ಬರಬೇಕು.

ಕಣ್ಣಿನ ನೆಪ ಹೇಳಿ ನೀನು ಮೀಟಿಂಗಿಗೆ ಬರುವುದಿಲ್ಲವಂತೆ. "ಷಡಕ್ಷರಪ್ನೋರು ನಮ್ ಕಡೇನೇ" ಎಂದು ಸದಾಶಿವಪ್ಪ ಸಾರಿಕೊಂಡು ತಿರುಗುತ್ತಿದ್ದಾನೆ. ನಾನು ನಂಬಲಿಲ್ಲ.

ಬಿಸಿಲಿಗೆ ಹೋಗಬೇಡ, ಕಣ್ಣು ಉಜ್ಜಬೇಡ. ಬೆಟ್ಟದ ಮಾದಪ್ಪ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಚನ್ನಾಜಮ್ಮ

ಮತ್ತೊಂದು ಮಾತು: ಕಾಗದ ಮುಗಿಸಿ ನಿನ್ನ ಹೆಂಡತಿಯನ್ನು ನೋಡಲು ಹೋಗಿದ್ದೆ. ನಿಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹೊಸ ಕಲ್ಲು, ಒಂದು ಮಗ್ಗುಲಲ್ಲಿ ಸುಣ್ಣ. "ಸದಾಶಿವಪ್ಪೋರು ಕಳಿಸಿದ್ರು ಅತ್ಗೆ, ನಮ್ಮನೆಯೋರೇ ಊಂ ಅಂದಿದ್ರಂತೆ" ಎಂದಳು ಶಿವರತ್ನಮ್ಮ. ಅದನ್ನು ರಸ್ತೆಯವರೆಗೆ ನಾನೇ ಉರುಳಿಸಿಕೊಂಡು ಹೋಗಿ ಹಳೆಯ ಗುಣಿಯಲ್ಲಿ ನೆಟ್ಟೆ. ಮಾರ್ಕೆಟ್ಟಿಗೆ ಬಂದಿದ್ದ ಚಿಕ್ಕನಿಂಗಮ್ಮ ಮಣ್ಣು ತುಳಿದು ಗಟ್ಟಿ ಮಾಡಿಕೊಟ್ಟಳು. "ಯಾರ ಮನೇಲಿತ್ತು ಅಕ್ಕೋರೆ?" ಎಂದು ಕೇಳಿದಳು. ನಿನ್ನ ಹೆಸರನ್ನು ನಾನಿನ್ನೂ ಹೇಳಿಲ್ಲ. ಗುರುವಾರ ಬಾ.