ಕುಕ್ಕರ್ ಎತ್ತಿದ ರಣಚಂಡಿ

ಸುದ್ದಿವಾಹಿನಿಯ ಸಂಪಾದಕ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ರಜೆಯ ರಿಯಾಯಿತಿ ಮಾರಾಟದ ನೂಕುನುಗ್ಗಲನ್ನು "ಕುಕ್ಕರ್‌ಗಾಗಿ ರಣಚಂಡಿ!" ಎಂದು ದಿನವಿಡೀ ಬಿತ್ತರಿಸಿ ನಮ್ಮ ವಂಶವನ್ನು ಪಾವನಗೊಳಿಸಿದ್ದೀರಿ. ಹೆಂಗಸರೆಂದರೆ ಪಾತ್ರೆಗೆ ಪ್ರಾಣ ಬಿಡುವವರು ಎಂಬ ತಮ್ಮ ಸಂಶೋಧನೆಗೆ ಸಾಷ್ಟಾಂಗ ನಮಸ್ಕಾರ. ಆ ರಣಚಂಡಿ ನನ್ನ ಅಕ್ಕ, ಶಿಶುವಿಹಾರದ ಟೀಚರ್. ಅವಳು ಒಬ್ಬನ ತಲೆಗೆ ಕುಕ್ಕರಿನಿಂದ ಬಾರಿಸಿದ್ದು, ಇನ್ನೊಬ್ಬನ ಕೈಯನ್ನು ರಕ್ತ ಬರುವಂತೆ ಕಚ್ಚಿದ್ದು ನಿಜ. ಪಕ್ಕದಲ್ಲೇ ಇದ್ದೆ. ಆ ಹಲ್ಲುಗಳ ಪರಿಚಯ ಚಿಕ್ಕಂದಿನಿಂದ ನನಗೂ ಇದೆ.

ಆದರೆ ಅದಕ್ಕೆ ಮುಂಚೆ ನಡೆದದ್ದನ್ನು ತಾವು ಕತ್ತರಿಸಿದ್ದೀರಿ. ಜನ ತೆವಳಿಕೊಂಡು ನುಗ್ಗಿದರೆ ಟೀವಿಯಲ್ಲಿ ಚೆನ್ನಾಗಿ ಕಾಣುತ್ತದೆಂದು ಅಂಗಡಿಯವರು ಷಟರನ್ನು ಮೊಣಕಾಲೆತ್ತರಕ್ಕಷ್ಟೇ ಎತ್ತಿದರು. ತಮ್ಮ ಕ್ಯಾಮೆರಾದವರು ಸ್ಟೂಲ್ ಹತ್ತಿ, "ನುಗ್ರಿ, ನುಗ್ರಿ, ಸೂಪರಾಗಿ ಬರ್ತಿದೆ!" ಎಂದರು. ಅಜ್ಜ ಒಬ್ಬರು ಕೆಳಗೆ ಬಿದ್ದರು. ಅರ್ಧ ಬೆಲೆಯ ಸಾಮಾನಿಗೆ ಅವರ ಎದೆಯೇ ಮೆಟ್ಟಿಲಾಯಿತು.

"ಕೆಳಗೆ ಮನುಷ್ಯ ಇದಾರೆ ಕಣ್ರೋ!" ಎಂದು ಅಕ್ಕ ಕಿರುಚಿದಳು. ಯಾರೂ ನಿಲ್ಲಲಿಲ್ಲ. ಆಗ ಬಾಗಿಲಲ್ಲಿ ಜೋಡಿಸಿಟ್ಟಿದ್ದ ಕುಕ್ಕರೊಂದನ್ನು ಎತ್ತಿಕೊಂಡಳು. ಅಜ್ಜನ ಪಕ್ಕೆಲುಬು ಮುರಿದಿದೆ, ಜೀವ ಉಳಿದಿದೆ.

"ಇಂಥೋಳ ಹತ್ರ ನಮ್ಮ ಮಕ್ಳನ್ನ ಬಿಡಲ್ಲ" ಎಂದು ಪೋಷಕರು ಹಟ ಹಿಡಿದಿದ್ದಾರೆ. ಸೋಮವಾರದ ಸಭೆಯಲ್ಲಿ ಅವಳ ಕೆಲಸದ ತೀರ್ಮಾನ. ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ. ನನಗೆ ಬೈಯುವುದನ್ನೂ ಬಿಟ್ಟಿದ್ದಾಳೆ.

ಆದ್ದರಿಂದ ಭಾನುವಾರದೊಳಗೆ ಪೂರ್ತಿ ದೃಶ್ಯವನ್ನು ತೋರಿಸಬೇಕಾಗಿ ವಿನಂತಿ. ಹಿನ್ನೆಲೆಗೆ ಡೋಲು ಬಡಿಸಬೇಡಿ. ಎಲುಬು ಮುರಿಯುವ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ.

ಇಂತಿ ತಮ್ಮ ವಿಧೇಯ ವೀಕ್ಷಕ,
ರಣಚಂಡಿಯ ತಮ್ಮ