ಕಾರ್ಡಿನ ಮೇಲಿನ ಹೆಸರು

ಜನ್ನಾಪುರ, ಭದ್ರಾವತಿ
೧೪ ಜೂನ್ ೨೦೨೫, ಶನಿವಾರ

ಚಿ. ಸೌ. ದಿವ್ಯಶ್ರೀಗೆ ಮಾವ ಹೊನ್ನಯ್ಯನ ತುಂಬು ಮನಸ್ಸಿನ ಆಶೀರ್ವಾದ.

ನೀನೂ ನಿನ್ನ ಯಜಮಾನರೂ ಮಗು ಸಿರಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದಾವಣಗೆರೆಯ ನೀರು ಮಗುವಿಗೆ ಒಗ್ಗಿತೇ? ಹೋದ ಸಲ ಫೋನಿನಲ್ಲಿ ಅವಳು ಕೆಮ್ಮುತ್ತಿದ್ದುದು ಕೇಳಿಸಿತ್ತು. ರಾತ್ರಿ ಮೊಸರು ಕೊಡಬೇಡ. ನಿಮ್ಮತ್ತೆಗೆ ಮಂಡಿನೋವು ಇದ್ದದ್ದೇ. ನನ್ನ ಎಡಗಣ್ಣಿನ ಪೊರೆ ತೆಗೆಸಿ ಮೂರು ತಿಂಗಳಾಯಿತು, ಈಗ ಪೇಪರ್ ಓದಬಲ್ಲೆ. ನಿನ್ನ ಹೆಸರಿನ ಹಿಂದೆ 'ಸೌ' ಎಂದು ಬರೆಯುವಾಗ ಒಂದು ಗಳಿಗೆ ಪೆನ್ನು ನಿಂತಿತು. ನನ್ನ ಮಗ ಶಶಿಧರ ಹೋದ ಮೇಲೆ ಆ ಅಕ್ಷರ ಬರೆಯುವಂತಿರಲಿಲ್ಲ. ಈಗ ಮತ್ತೆ ಬರೆಯುವಂತಾಗಿದೆ. ಅದರಲ್ಲಿ ನನಗೆ ಸಮಾಧಾನವೇ ಇದೆ ಮಗಳೇ, ಬೇರೆ ಏನೂ ತಿಳಿಯಬೇಡ.

ಫೋನ್ ಬಿಟ್ಟು ಕಾಗದ ಯಾಕೆ ಬರೆದರು ಎಂದು ನಿನಗೆ ಅನ್ನಿಸಬಹುದು. ಇದರ ಜೊತೆ ಒಂದು ಫಾರಂ ಇದೆ. ಅದರ ವಿಷಯವನ್ನು ಫೋನಿನಲ್ಲಿ ಹೇಳಲು ಹೊರಟರೆ ನನಗೆ ಮಾತು ಕೂಡುವುದಿಲ್ಲ. ನಿನ್ನ ಮನೆಯಲ್ಲಿ ಫೋನ್ ಯಾರು ತೆಗೆಯುತ್ತಾರೋ ಎಂಬ ಸಂಕೋಚವೂ ಉಂಟು.

ನೀನು ಇಲ್ಲಿಂದ ಹೊರಡುವ ದಿನ ಶಶಿಧರನ ಪರ್ಸನ್ನು ನನ್ನ ಕೈಗೆ ಕೊಟ್ಟೆಯಲ್ಲ, ಅದರಲ್ಲಿ ಅವನ ಕ್ರೆಡಿಟ್ ಕಾರ್ಡ್ ಇತ್ತು. ನಾನು ಅದನ್ನು ಬ್ಯಾಂಕಿಗೆ ಒಪ್ಪಿಸಲಿಲ್ಲ. ತಿಂಗಳಿಗೊಂದು ಸಲ ಬಸ್ಸು ಹತ್ತಿ ಶಿವಮೊಗ್ಗದ ವಿದ್ಯಾನಗರಕ್ಕೆ ಹೋಗಿ, ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಸೋಪೋ ಕಾಫಿಪುಡಿಯೋ ಏನಾದರೊಂದು ಕೊಳ್ಳುತ್ತಿದ್ದೆ. ಸಣ್ಣ ಮೊತ್ತಕ್ಕೆ ಗುಟ್ಟಿನ ನಂಬರ್ ಕೇಳುವುದಿಲ್ಲ, ಮೆಷಿನ್ನಿಗೆ ಮುಟ್ಟಿಸಿದರೆ ಸಾಕು. ಬಿಲ್ ಬಂದ ಕೂಡಲೇ ನನ್ನ ಪಿಂಚಣಿಯಿಂದ ಬ್ಯಾಂಕಿಗೆ ಕಟ್ಟಿಬಿಡುತ್ತಿದ್ದೆ. ಒಂದು ರೂಪಾಯಿ ಉಳಿಸಿಕೊಂಡಿಲ್ಲ. ಭದ್ರಾವತಿಯ ಅಂಗಡಿಗಳಲ್ಲಿ ಅವನನ್ನೂ ನನ್ನನ್ನೂ ಬಲ್ಲವರಿದ್ದಾರೆ, ಅದಕ್ಕೇ ಅಷ್ಟು ದೂರ ಹೋಗುತ್ತಿದ್ದೆ. ಇಷ್ಟು ಕಳ್ಳತನ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಬುಧವಾರ ಸಿರಿಗೆ ಸ್ಕೂಲ್ ಬ್ಯಾಗ್ ತರಲು ಅದೇ ಅಂಗಡಿಗೆ ಹೋದೆ. ಒಂದನೇ ಕ್ಲಾಸಿನ ಬ್ಯಾಗು ಅವಳ ಅಪ್ಪನ ಕಾರ್ಡಿನಲ್ಲೇ ಬರಲಿ ಎಂಬ ಹುಚ್ಚು. ಕೌಂಟರಿನ ಮೇಲೆ ಹೊಸದಾಗಿ ಒಂದು ಚೀಟಿ ಅಂಟಿಸಿದ್ದರು, ಕಾರ್ಡಿನಲ್ಲಿ ಹಣ ಕೊಡುವವರು ಗುರುತಿನ ಚೀಟಿ ತೋರಿಸಬೇಕೆಂದು. ಓದಿದೆ. ಅದು ನನಗೂ ಹೇಳಿದ್ದೆಂದು ಮಾತ್ರ ತಲೆಗೆ ಹೋಗಲಿಲ್ಲ. ಬಿಲ್ ಹಾಕುವ ಹುಡುಗಿ, ಬಿಂದುಶ್ರೀ ಎಂದು ಹೆಸರು, "ಅಂಕಲ್, ಆಧಾರ್ ಇದ್ಯಾ? ಹೊಸ ರೂಲ್ಸು" ಎಂದಳು. ತೆಗೆದು ಕೊಟ್ಟೆ. ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

"ಇದ್ರಲ್ಲಿ ಹೊನ್ನಯ್ಯ ಅಂತಿದೆ, ಕಾರ್ಡಲ್ಲಿ ಶಶಿಧರ್ ಅಂತಿದೆ."

"ನನ್ ಮಗಂದಮ್ಮ."

"ಹಂಗಾದ್ರೆ ಅವ್ರಿಗೊಂದು ಫೋನ್ ಮಾಡಿ ಕೊಡಿ ಅಂಕಲ್. ಒಂದ್ ಮಾತು ಕೇಳ್ಬಿಟ್ಟು ಬಿಲ್ ಹಾಕ್ತೀನಿ."

ಆಗಲೇ ಹೇಳಬಹುದಿತ್ತು. ಹಿಂದೆ ನಾಲ್ಕೈದು ಜನ ಬುಟ್ಟಿ ಹಿಡಿದು ನಿಂತಿದ್ದರು. ಏನು ಯೋಚಿಸಿದೆನೋ, ಫೋನ್ ತೆಗೆದು ಅವನ ನಂಬರನ್ನೇ ಒತ್ತಿದೆ. ಮೊದಲ ವರ್ಷ ಎಷ್ಟೋ ಸಲ ಒತ್ತಿದ್ದೆ, ಸ್ವಿಚ್ ಆಫ್ ಎನ್ನುತ್ತಿತ್ತು. ಆಮೇಲೆ ಬಿಟ್ಟಿದ್ದೆ. ಬುಧವಾರ ಅದು ರಿಂಗಾಯಿತು ಮಗಳೇ. ಕೌಂಟರಿನ ಅಂಚು ಹಿಡಿದುಕೊಂಡೆ. ಹುಡುಗಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಸರ್, ಶಶಿಧರ್ ಅವ್ರಾ?" ಎಂದು ಕೇಳಿದಳು. "ಯಾವ ಶಶಿಧರ್ ರೀ? ನಾನು ಯುವರಾಜ, ಕಡೂರಿಂದ" ಎಂದು ಯಾರೋ ಹೇಳಿದ್ದು ನನಗೂ ಕೇಳಿಸಿತು. ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ಹುಡುಗಿಯ ಮುಖವೇ ಬದಲಾಯಿತು. ಹಿಂದಿನಿಂದ ಒಬ್ಬರು, "ವಯಸ್ಸಾದವ್ರೂ ಶುರು ಹಚ್ಕೊಂಡ್ರಲ್ಲ" ಎಂದರು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವನು ನಾನು, ಒಂದು ದಿನವೂ ಮೆಮೊ ತೆಗೆದುಕೊಂಡವನಲ್ಲ. ಕೈಕಟ್ಟಿ ನಿಂತಿದ್ದೆ.

ಮ್ಯಾನೇಜರ್ ಗಣಪಯ್ಯ ಎಂಬುವವರು ಬಂದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. "ನಿಜ ಹೇಳಿ ಯಜಮಾನ್ರೇ, ಕಾರ್ಡ್ ಎಲ್ಲಿ ಸಿಕ್ತು?" ಎಂದರು. "ಅವನಿಲ್ಲ. ತೀರ್ಕೊಂಡು ಎರಡು ವರ್ಷ ಆಯ್ತು" ಎಂದೆ. "ಅದಕ್ಕೆ ಏನಾದ್ರೂ ದಾಖಲೆ ಇದ್ಯಾ?" ಎಂದು ಕೇಳಿದರು. ಬದುಕಿರುವವನ ಚೀಟಿಯನ್ನಾದರೆ ಜೇಬಿನಲ್ಲಿಟ್ಟುಕೊಂಡು ತಿರುಗಬಹುದು. ಮಗ ಸತ್ತ ಚೀಟಿಯನ್ನು ಯಾವ ಅಪ್ಪ ಇಟ್ಟುಕೊಂಡು ತಿರುಗುತ್ತಾನೆ? ಫೋನಿನಲ್ಲಿದ್ದ ಸಿರಿಯ ನಾಮಕರಣದ ಫೋಟೋ ತೋರಿಸಿದೆ. ಅವರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು, ನಂಬಿದರು. ನಂಬಿದ ಮೇಲೆ ಇನ್ನೂ ಕಷ್ಟವಾಯಿತು. "ತೀರ್ಕೊಂಡವ್ರ ಕಾರ್ಡ್ ಉಜ್ಜೋದು ಕಾನೂನಲ್ಲಿ ತಪ್ಪು ಯಜಮಾನ್ರೇ. ನಿಮ್ಗೆ ಗೊತ್ತಿರ್ಲಿಲ್ವಾ?" ಎಂದರು. ಗೊತ್ತಿತ್ತು ಎಂದೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿನ ತಿಂಗಳು ಶರಾವತಿ ಎಂಬ ನಿವೃತ್ತ ಟೀಚರ್ ಒಬ್ಬರ ಕಾರ್ಡ್ ಬಸ್ಸಿನಲ್ಲಿ ಕಳೆದುಹೋಗಿ, ಯಾರೋ ಅದನ್ನು ತಂದು ಅದೇ ಕೌಂಟರಿನಲ್ಲಿ ಮೂರು ಸಲ ಮುಟ್ಟಿಸಿ ಸಾಮಾನು ಒಯ್ದರಂತೆ. ಆ ಟೀಚರ್ ಅಂಗಡಿಗೆ ಬಂದು, 'ಯಾರು ನೀನು ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ?' ಎಂದು ಅತ್ತರಂತೆ. ಮಾಲೀಕರು ಬಿಂದುಶ್ರೀಯ ಸಂಬಳದಲ್ಲಿ ಮುರಿದುಕೊಂಡರಂತೆ. ಅವಳು ಅಂದು ಕೇಳದೆ ಕೆಟ್ಟಳು, ಬುಧವಾರ ಕೇಳಿದ್ದಕ್ಕೆ ನಾನು ಹೊರಡುವಾಗ ಅವಳ ಕಣ್ಣಲ್ಲೂ ನೀರಿತ್ತು. ಆ ಹುಡುಗಿಗೆ ನಾನೇನು ಹೇಳಲಿ? ಕೇಳಬೇಕು ಎಂದರೂ ಸರಿ, ಕೇಳಬಾರದು ಎಂದರೂ ಸರಿ ಎನ್ನಿಸುತ್ತದೆ. ನನಗಂತೂ ಬಗೆಹರಿಯಲಿಲ್ಲ.

ಗಣಪಯ್ಯನವರು ಪೊಲೀಸರಿಗೆ ಹೇಳಲಿಲ್ಲ, ಟೀ ತರಿಸಿಕೊಟ್ಟರು. "ಬಿಲ್ ನೀವೇ ಕಟ್ತೀರಿ, ಕೈಯಲ್ಲಿ ದುಡ್ಡೂ ಇದೆ, ಮತ್ಯಾಕೆ ಇದು?" ಎಂದು ಎರಡು ಸಲ ಕೇಳಿದರು. ನಾನು ಟೀ ಕುಡಿದೆ. ನಗದು ಕೊಟ್ಟು ಬ್ಯಾಗು ತೆಗೆದುಕೊಂಡೆ. ಬಸ್ಸಿನಲ್ಲಿ ಎಲ್ಲಿ ಇಳಿಯಬೇಕೆಂದೇ ತೋಚದೆ ನ್ಯೂ ಟೌನ್ ತನಕ ಹೋಗಿ, ಅಲ್ಲಿಂದ ನಡೆದು ಬಂದೆ. ಬ್ಯಾಗಿಗೆ ಅಕ್ಕಪಕ್ಕ ಎರಡು ನೀರಿನ ಬಾಟಲಿಯ ಜೇಬಿದೆ, ಬಣ್ಣ ಹಳದಿ. ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ತಾತ ಕೊಡಿಸಿದ್ದು ಎಂದೇ ಹೇಳು.

ಗಣಪಯ್ಯನವರಿಗೆ ಮಾತು ಕೊಟ್ಟಂತೆ ನಿನ್ನೆ ಬ್ಯಾಂಕಿಗೆ ಹೋಗಿ ಎಲ್ಲ ಹೇಳಿದೆ. ಸುಷ್ಮಾ ಎಂಬ ಆಫೀಸರ್ ಬೈಯಲಿಲ್ಲ, ಇನ್ನು ಮುಟ್ಟಬೇಡಿ ಎಂದು ಕಾರ್ಡನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿದರು. ಲೆಕ್ಕ ಮುಚ್ಚಲು ಮರಣಪತ್ರದ ಪ್ರತಿಯೂ ನಿನ್ನ ಸಹಿಯೂ ಬೇಕಂತೆ. ಅವರ ದಾಖಲೆಯಲ್ಲಿ ಹೆಂಡತಿ ಎಂದು ನಿನ್ನ ಹೆಸರೇ ಇದೆ. "ಫಾರಂ ಬರೋ ತನಕ ಖಾತೆ ಹಾಗೇ ಇರುತ್ತೆ" ಎಂದರು. ನಿನ್ನ ಹೊಸ ಸಂಸಾರದೊಳಕ್ಕೆ ಈ ಕಾಗದ ನುಗ್ಗಿಸುವುದು ನನಗೆ ಇಷ್ಟವಿಲ್ಲ, ಬೇರೆ ದಾರಿಯೂ ಇಲ್ಲ. ನಿನ್ನ ಯಜಮಾನರಿಗೆ ತೋರಿಸಿಯೇ ಸಹಿ ಮಾಡು, ಮುಚ್ಚಿಡಬೇಡ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಎರಡು ಸಹಿ. 'ಮೃತರಿಗೂ ತಮಗೂ ಇರುವ ಸಂಬಂಧ' ಎಂಬ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ನೀನೇ ತುಂಬು.

ಮಗುವಿನ ತಲೆ ನೇವರಿಸಿದೆನೆಂದು ತಿಳಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ನಿಮ್ಮ ಮೂವರ ಬಾಳು ತಣ್ಣಗಿರಲಿ.

ಇಂತಿ,
ನಿನ್ನ ಮಾವ
ಹೊನ್ನಯ್ಯ

ತಾ.ಕ.: ನಿಮ್ಮತ್ತೆ ಹಿಟ್ಟಿನ ಗಿರಣಿಯಿಂದ ಬರುವ ಹೊತ್ತಾಯಿತು, ಬೇಗ ಬರೆದು ಮುಗಿಸುತ್ತೇನೆ. ಅವಳಿಗೆ ಇದು ಯಾವುದೂ ಗೊತ್ತಿಲ್ಲ. ಗಣಪಯ್ಯನವರಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಆ ಕಾರ್ಡಿನಲ್ಲಿ ಏನಾದರೂ ಕೊಂಡರೆ ಮುಂದಿನ ತಿಂಗಳ ಮೊದಲ ವಾರ ಬ್ಯಾಂಕಿನಿಂದ ಲಕೋಟೆ ಬರುತ್ತದೆ. ಪೋಸ್ಟ್‌ಮನ್ ಪುಟ್ಟಪ್ಪ ಈ ಬೀದಿಗೆ ಹೊಸಬ, ಗೇಟಿನಲ್ಲಿ ನಿಂತು "ಶಶಿಧರ್ ಅವ್ರೇ, ಪೋಸ್ಟ್" ಎಂದು ಕೂಗುತ್ತಾನೆ. ನಿಮ್ಮತ್ತೆ ಒಳಗಿನಿಂದ "ಬಂದೆ" ಎಂದು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಇಸಿದುಕೊಳ್ಳುತ್ತಾಳೆ. ಅವನಿಲ್ಲವೆಂದು ಪುಟ್ಟಪ್ಪನಿಗೆ ಅವಳೂ ಹೇಳಿಲ್ಲ, ನಾನೂ ಹೇಳಿಲ್ಲ. ಕಣ್ಣಿನ ಆಪರೇಷನ್ ಆದ ತಿಂಗಳು ನನಗೆ ಏನೂ ಕೊಳ್ಳಲಾಗಲಿಲ್ಲ, ಮರುತಿಂಗಳ ಮೊದಲ ವಾರ ಲಕೋಟೆ ಬರಲಿಲ್ಲ. ಆ ವಾರವೆಲ್ಲ ಅವಳು ಗೇಟಿನ ಹತ್ತಿರವೇ ಕೂತು ಸೊಪ್ಪು ಬಿಡಿಸಿದಳು. ಈ ತಿಂಗಳು ಎರಡನೇ ತಾರೀಖು ಒಂದು ಸೋಪು ಕೊಂಡಿದ್ದೆ. ಅದರ ಲಕೋಟೆ ಇನ್ನೂ ಬರಬೇಕು. ಸಹಿ ಈಗಲೇ ಮಾಡಿಡು ಮಗಳೇ, ಆದರೆ ಫಾರಂ ಮಾತ್ರ ಜುಲೈ ಹತ್ತು ಕಳೆದ ಮೇಲೆ ಪೋಸ್ಟ್ ಮಾಡು.