ಹಳದಿ ಲೈಟುಗಳ ಅಂಗಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ಮೆಕ್ಯಾನಿಕ್ಕಮ್ಮನಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಹಡಗು ರಿಪೇರಿ ಮಾಡುವ ಆ ಕಾರ್ಖಾನೆಯಲ್ಲಿ ಸಮುದ್ರದ ಗಾಳಿ ಬಿಡುವಿಲ್ಲದೆ ಬೀಸುತ್ತದೆ ಎಂದು ಬರೆದಿದ್ದೆ. ಒದ್ದೆ ತಲೆಯಲ್ಲೇ ಕೆಲಸಕ್ಕೆ ಓಡುವ ಚಾಳಿ ಬಿಟ್ಟಿದ್ದೀಯ ಎಂದು ಸುಮ್ಮನೆ ನಂಬಿಕೊಂಡಿದ್ದೇನೆ. ಫೋನಿರುವಾಗ ಕಾಗದ ಯಾಕೆ ಎಂದು ನಿಮ್ಮಪ್ಪ ಕೇಳಿದರು. ಫೋನು ಹಿಡಿದರೆ ಅವರೇ ಕಿತ್ತುಕೊಂಡು ಲೈಟಿನ ಪುರಾಣ ಶುರು ಮಾಡುತ್ತಾರಲ್ಲ, ನನ್ನ ಪಾಲಿಗೆ 'ಊಟ ಆಯ್ತಾ' ಒಂದೇ ಉಳಿಯುತ್ತದೆ. ಅದಕ್ಕೇ ಬರೆಯಲು ಕೂತೆ.

ನೀನು ಹೊರಡುವ ಮುಂಚೆ ಬ್ರೆಡ್ಡಿನ ವ್ಯಾನಿನ ಮುಂದೆ ಕೂರಿಸಿಕೊಟ್ಟೆಯಲ್ಲ ಆ ಎರಡು ಹಳದಿ ಲೈಟು, ಅವು ಬಂದ ಮೇಲೆ ನಿಮ್ಮಪ್ಪನ ಕಾಲು ನೆಲದ ಮೇಲಿಲ್ಲ. ಬೆಳಕು ಹರಿಯುವ ಮುಂಚೆ ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಹಾಕಲು ಹೋಗುವವರಿಗೆ ಅವು ಬೇಕೂ ಬೇಕು, ಇಲ್ಲವೆನ್ನುವುದಿಲ್ಲ. ವ್ಯಾನಿನ ಸ್ವಂತ ದೀಪಗಳೋ, ಇದ್ದೂ ಇಲ್ಲದ ಹಾಗೆ. ಆದರೆ ನನಗೆ ಹೊಸ ತಲೆನೋವು ಹತ್ತಿಕೊಂಡಿತು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ತಡ ಮಾಡದೆ ಆಪರೇಷನ್ನು ಮಾಡಿಸಿ ಎಂದಿದ್ದರಷ್ಟೇ? ಹೊರಡಿ ಎಂದರೆ ಇವರದು ಒಂದೇ ಮಾತು: 'ನನ್ನ ಮಗಳು ಎರಡು ಕಣ್ಣು ಕೊಟ್ಟು ಹೋಗಿದಾಳೆ, ಇನ್ನು ಡಾಕ್ಟರ್ ಹತ್ರ ಏನಿದೆ ಕೊಡೋಕೆ?' ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಅವರು ಒಂದಿಂಚು ಅಲ್ಲಾಡಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಗೆ ಲೈಟುಗಳ್ಳರು ಬಿದ್ದರು. ಮೊದಲು ನಲ್ಲಿ ರಿಪೇರಿಯವರ ಜೀಪಿನ ಮೇಲಿನ ಉದ್ದನೆ ಲೈಟು ಹೋಯಿತು, ಆಮೇಲೆ ಮೂಲೆಮನೆಯ ಬಣ್ಣ ಹೊಡೆಯುವವರ ಗಾಡಿಯದು. ಕಂಪನಿ ಕೂರಿಸಿದ ದೀಪ ಬಿಚ್ಚುವುದು ಕಷ್ಟವಂತೆ. ಹೀಗೆ ಆಮೇಲೆ ಹಾಕಿಸಿದ್ದಾದರೆ ಎರಡು ಬೋಲ್ಟು ತಿರುಗಿಸಿ ವೈರು ಕತ್ತರಿಸಿದರೆ ಮುಗಿಯಿತು, ಮಾರುವುದೂ ಸಲೀಸು. ಇದನ್ನು ಕೇಳಿದ್ದೇ ತಡ, ನಿಮ್ಮಪ್ಪನಿಗೆ ಊಟ ಸೇರಲಿಲ್ಲ. ಮಾಮೂಲಿ ಸ್ಪ್ಯಾನರಿಗೆ ಜಗ್ಗದ ನಟ್ಟುಗಳನ್ನು ತಂದರು. ಅವುಗಳ ಜೊತೆ ಹೂವಿನಾಕಾರದ ಒಂದು ಕೀ ಬರುತ್ತದೆ, ಅದಿಲ್ಲದೆ ನಟ್ಟು ಬಿಚ್ಚುವುದಿಲ್ಲ. ಆ ಕೀಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾರೆ, ಸ್ನಾನಕ್ಕೂ ತೆಗೆಯುವುದಿಲ್ಲ. ನನಗೆ ಕಟ್ಟಿಸಿಕೊಟ್ಟ ಸರಕ್ಕೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ಬಿಡು.

ಅಷ್ಟಕ್ಕೇ ಮುಗಿಯಿತೇ? ಯಾರಾದರೂ ಲೈಟು ಎಳೆದರೆ ಹಾರ್ನು ಹೊಡೆದುಕೊಳ್ಳುವ ಹಾಗೆ ವೈರು ಜೋಡಿಸಿದರು. ಮಾರನೇ ಸಂಜೆಯೇ ನಮ್ಮ ಬೆಕ್ಕು ಬಂಪರಿನ ಮೇಲೆ ಹತ್ತಿ ಲೈಟಿಗೆ ಬೆನ್ನು ತಿಕ್ಕಿತು ನೋಡು, ಹಾರ್ನು ನಿಲ್ಲಲೇ ಇಲ್ಲ! ಮಹಡಿ ಮೇಲಿನ ಟೈಲರಮ್ಮ ಕೈಯಲ್ಲಿ ಕತ್ತರಿ, ಕೊರಳಲ್ಲಿ ಟೇಪು ಸಮೇತ ಓಡಿ ಬಂದರು. ಬೀದಿಗೆ ಬೀದಿಯೇ ಸೇರಿತು. ನಿಮ್ಮಪ್ಪ ಬೆಕ್ಕಿನ ಮುಂದೆ ನಿಂತು, 'ನೀನು ಕಳ್ಳರ ಕಡೆಯೋ ನಮ್ಮ ಕಡೆಯೋ, ಹೇಳ್ಬಿಡು' ಎಂದು ವಿಚಾರಣೆ ನಡೆಸಿದರು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು.

ಕೊನೆಗೆ ಟೈಲರಮ್ಮನೇ ಉಪಾಯ ಹೇಳಿದರು. ಕಂಡರೆ ತಾನೇ ಕದಿಯುವುದು, ಕಾಣದ ಹಾಗೆ ಮುಚ್ಚಿಬಿಡಿ ಎಂದು. ನಿಮ್ಮಪ್ಪನ ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ ಎರಡು ಲೈಟಿಗೂ ಅಂಗಿ ಹೊಲಿದೆ, ಹಿಂದುಗಡೆ ಟಿಚ್ ಬಟನ್ನು ಇಟ್ಟೆ. ಗಾಡಿ ನಿಲ್ಲಿಸಿದ ಕೂಡಲೇ ತೊಡಿಸುವುದು, ಹೊರಡುವಾಗ ಬಿಚ್ಚುವುದು, ಎರಡೂ ಅವರದೇ ಕೆಲಸ, ಬೇರೆಯವರು ಮುಟ್ಟುವಂತಿಲ್ಲ. 'ಮಕ್ಕಳಿಗೆ ಸ್ವೆಟರ್ ಹಾಕ್ದಂಗಿದೆ ಕಣೇ' ಎಂದು ಎಷ್ಟು ಹಿಗ್ಗಿದರು ಗೊತ್ತಾ. ಈಗ ಆ ಎರಡೂ ಅಂಗಿ ತೂತಾಗಿವೆ, ಬೇರೆ ಹೊಲಿಯುತ್ತಿದ್ದೇನೆ. ಹೇಗೆ ತೂತಾಯಿತು ಎಂದು ಅವರನ್ನು ಕೇಳಲು ಹೋಗಬೇಡ.

ಇನ್ನು ನಿನಗೆ ಸಿಹಿ ಸುದ್ದಿ. ನಿಮ್ಮಪ್ಪ ಆಪರೇಷನ್ನಿಗೆ ಒಪ್ಪಿದ್ದಾರೆ! ನಾನು ಬಾಯಿ ಬಿಡುವ ಮೊದಲೇ ತಾವಾಗಿಯೇ ಡಾಕ್ಟರಿಗೆ ಫೋನು ಮಾಡಿದರು. ಬರುವ ತಿಂಗಳ ಮೊದಲನೇ ಶುಕ್ರವಾರ ಒಂದು ಕಣ್ಣು, ಆಮೇಲೆ ಇನ್ನೊಂದು. ಅಲ್ಲಿಯವರೆಗೆ ಬೇಕರಿ ಮಾಲೀಕರ ತಮ್ಮನೇ ವ್ಯಾನು ಓಡಿಸುತ್ತಾನೆ. ಪಾಪದವನು. ದಿನವೂ ಹೊರಡುವಾಗ ಬಟನ್ನು ಹೇಗೆ ಬಿಚ್ಚಬೇಕು ಎಂದು ಇವರಿಂದ ಪಾಠ ಹೇಳಿಸಿಕೊಳ್ಳುತ್ತಾನೆ. ಇವರು ಮನೆಯಲ್ಲಿ ಕೂತು ರೇಡಿಯೋ ಕೇಳುತ್ತಾರೆ, ನನ್ನ ಜೊತೆ ಸೊಪ್ಪು ಬಿಡಿಸುತ್ತಾರೆ. ಸೊಪ್ಪಿಗಿಂತ ಕಸವೇ ಪಾತ್ರೆಗೆ ಬೀಳುತ್ತದೆ, ಇರಲಿ. ಇಷ್ಟು ವರ್ಷಕ್ಕೆ ಬೆಳಗಿನ ಕಾಫಿಗೆ ಜೊತೆಯೊಂದು ಸಿಕ್ಕಿದೆ, ಸಂತೋಷವಾಗಿದ್ದೇನೆ.

ಹೊಟ್ಟೆ ತುಂಬ ಉಣ್ಣು, ಬೆಚ್ಚಗಿರು. ಅಪ್ಪನ ಆಶೀರ್ವಾದ, ಟೈಲರಮ್ಮನ ನೆನಪುಗಳು, ಬೆಕ್ಕಿನದೊಂದು ತಪ್ಪೊಪ್ಪಿಗೆ.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ತೂತಿನ ಮಾತೊಂದು ಬಿಟ್ಟು ಮೇಲಿನದನ್ನೆಲ್ಲ ಅವರಿಗೆ ಓದಿ ಹೇಳಿದೆ. 'ಚೆನ್ನಾಗಿದೆ, ಅಂಟಿಸು' ಎಂದು ಬೆಕ್ಕನ್ನು ಓಡಿಸಲು ಹೊರಗೆ ಹೋಗಿದ್ದಾರೆ. ಇದು ನಿನಗೆ ಮಾತ್ರ. ಕಳೆದ ಸೋಮವಾರ ಬ್ರೆಡ್ಡು ಹಾಕಿ ಬಂದವರು ಕಾಫಿ ಕುಡಿಯುತ್ತ, 'ಇವತ್ತು ಮಗಳ ಲೈಟು ಏನ್ ಬೆಳಕು ಕೊಡ್ತು ಅಂತೀಯ, ಹಗಲಾದಂಗಿತ್ತು' ಎಂದರು. ಸುಟ್ಟ ವಾಸನೆ ಬಂದು ಹೊರಗೆ ಹೋಗಿ ನೋಡಿದರೆ ಎರಡು ಲೈಟಿಗೂ ಅಂಗಿ ತೊಡಿಸಿದ್ದು ತೊಡಿಸಿದ ಹಾಗೇ ಇದೆ! ಒಂದು ಬಟನ್ನೂ ಬಿಚ್ಚದೆ ಕತ್ತಲಲ್ಲೇ ಊರೆಲ್ಲ ಓಡಿಸಿಕೊಂಡು ಬಂದಿದ್ದಾರೆ. ಒಳಗಿನ ಬಿಸಿಗೆ ಬಟ್ಟೆ ಕರಕಲಾಗಿ ತೂತುಬಿದ್ದಿದೆ. ಕೈಹಿಡಿದು ಕರೆತಂದು ಅವರ ಬೆರಳನ್ನು ಬಟನ್ನಿನ ಮೇಲಿಟ್ಟೆ. ತಡವಿ ನೋಡಿದರು, ಎರಡು ಸಲ ನೋಡಿದರು. ಕೊರಳಿನ ಕೀ ತೆಗೆದು ನನ್ನ ಕೈಗೆ ಕೊಟ್ಟು, 'ಅವಳಿಗೆ ಹೇಳ್ಬೇಡ' ಎಂದರು. ಹೇಳಿಬಿಟ್ಟೆ. ಆಪರೇಷನ್ನಿನ ಮಾರನೇ ದಿನ, ಶನಿವಾರ ಬೆಳಿಗ್ಗೆ ಪಟ್ಟಿ ಬಿಚ್ಚಿ ಕಳಿಸುತ್ತಾರೆ, ವ್ಯಾನು ಆಸ್ಪತ್ರೆಯ ಗೇಟಿಗೇ ಬರುತ್ತದೆ. ರಜೆ ಹಾಕಿ ಬಾ ಮಗಳೇ. ಹೊರಗೆ ಬಂದವರು ಮೊದಲು ಲೈಟು ಇದೆಯೋ ಇಲ್ಲವೋ ಎಂದೇ ನೋಡುತ್ತಾರೆ. ನೀನು ಲೈಟುಗಳ ಅಂಗಿ ಬಿಚ್ಚಿಟ್ಟು ಅವುಗಳ ಪಕ್ಕದಲ್ಲೇ ನಿಂತಿರು.